ಜೀವಾಣುಭಿತ್ತಿಯ ಛೇದಕ ಕಿಣ್ವಗಳು: ಅವುಗಳ ಚರಿತ್ರಲೇಖನದ ಒಂದು ವಿಮರ್ಶೆ

ಬ್ಯಾಕ್ಟೀರಿಯಗಳ, ಎಂದರೆ ಜೀವಾಣುಗಳ, ಕೋಶಭಿತ್ತಿಯನ್ನು ಕತ್ತರಿಸುವ ಕಿಣ್ವಗಳನ್ನು ಕುರಿತು ಇತಿಹಾಸದ ಅಧ್ಯಾಪಕರು ಬರೆಯಹೊರಡುವುದು ಕೆಲವರಿಗೆ ಅಧಿಕಪ್ರಸಂಗವೆಂದು ತೋರಬಹುದು. ಕಿಣ್ವದ ರಸಾಯನವನ್ನು ನಿರ್ಣಯಿಸುವ ಅಧಿಕಾರ ನಮಗಿಲ್ಲ. ಅದು ಪ್ರಯೋಗಶಾಲೆಯ ವಿದ್ವಾಂಸರಿಗೆ ಸೇರಿದುದು. ಆದರೆ ಆ ಕಿಣ್ವಗಳಿಗೂ ಒಂದು ಚರಿತ್ರೆಯುಂಟು. ಅದನ್ನು ಪಠ್ಯಪುಸ್ತಕಗಳೂ ಜನಪ್ರಿಯ ಗ್ರಂಥಗಳೂ ಒಂದು ಗೊತ್ತಾದ ರೀತಿಯಲ್ಲಿ ಹೇಳುತ್ತ ಬಂದಿವೆ. ಆ ರೀತಿ ಯಾವುದು, ಅದರಲ್ಲಿ ಏನು ಉಳಿದಿದೆ, ಏನು ಬಿಟ್ಟುಹೋಗಿದೆ ಎಂಬುದನ್ನು ಪರಿಶೀಲಿಸುವುದು ನಮ್ಮ ವ್ಯಾಸಂಗದ ವ್ಯಾಪ್ತಿಗೆ ಸೇರಿದ ಕೆಲಸವೇ ಆಗಿದೆ. ಪ್ರಕೃತ ಲೇಖನದಲ್ಲಿ ನಾವು ಪ್ರತಿಪಾದಿಸುವುದು ಇಷ್ಟು: ಈ ಕಿಣ್ವಗಳ ಚರಿತ್ರೆಯನ್ನು ಆಯುಧಗಳ ಚರಿತ್ರೆಯನ್ನಾಗಿ ಬರೆದುದರಿಂದ, ಅವು ಜೀವಾಣುವಿನ ಸ್ವಂತ ಕಟ್ಟಡದ ಉಪಕರಣಗಳೂ ಹೌದೆಂಬ ಮುಖ್ಯಾಂಶ ಹಿಂದೆ ಸರಿಯಿತು. ಅದರ ಫಲವಾಗಿ ಪೆನಿಸಿಲಿನ್ ಹೇಗೆ ಕೆಲಸ ಮಾಡುತ್ತದೆ ಎಂಬುದಾಗಲಿ, ಬೆಂಗಳೂರು ಹೈದರಾಬಾದುಗಳಲ್ಲಿ ಈಚೆಗೆ ನಡೆದ ಶೋಧನೆಗಳ ಅರ್ಥವಾಗಲಿ ನಮ್ಮ ವಿದ್ಯಾರ್ಥಿಗಳಿಗೆ ಸರಿಯಾಗಿ ತಿಳಿಯದಂತಾಗಿದೆ.

೧

ಮೊದಲು ಭಿತ್ತಿಯ ಸ್ವರೂಪವನ್ನು ಸಂಕ್ಷೇಪವಾಗಿ ಹೇಳಬೇಕು. ಜೀವಾಣುವಿನ ಕೋಶವನ್ನು ಸುತ್ತಿರುವ ಪೆಪ್ಟಿಡೋಗ್ಲೈಕನ್ ಎಂಬ ವಸ್ತುವನ್ನು ಒಂದು ನೆಯ್ಗೆಗೆ ಹೋಲಿಸಬಹುದು. ಎರಡು ಬಗೆಯ ಸಕ್ಕರೆಗಳು, ಎನ್-ಅಸಿಟೈಲ್ ಗ್ಲೂಕೋಸಮೀನ್ ಮತ್ತು ಎನ್-ಅಸಿಟೈಲ್ ಮುರಾಮಿಕ್ ಆಮ್ಲ, ಒಂದಾದಮೇಲೊಂದರಂತೆ ಸೇರಿ ಉದ್ದನೆಯ ಎಳೆಗಳಾಗುತ್ತವೆ, ಇವು ಹಾಸು. ಅಮೈನೊ ಆಮ್ಲಗಳ ಚಿಕ್ಕ ಸರಪಣಿಗಳು ಎಳೆಯಿಂದ ಎಳೆಗೆ ಸೇತುವೆಯಾಗುತ್ತವೆ, ಇವು ಹೊಕ್ಕು. ಇಡೀ ಭಿತ್ತಿ ಹೊಲಿಗೆಯಿಲ್ಲದ ಒಂದೇ ಚೀಲ. ಇದನ್ನು ಕತ್ತರಿಸುವ ಕಿಣ್ವಗಳಲ್ಲಿ ಕೆಲವು ಹಾಸನ್ನು ಕತ್ತರಿಸುತ್ತವೆ. ಕೋಳಿಮೊಟ್ಟೆಯ ಬಿಳಿಯಲ್ಲಿಯೂ ನಮ್ಮ ಕಣ್ಣೀರಿನಲ್ಲಿಯೂ ಇರುವ ಲೈಸೊಸೈಮ್ ಈ ಗುಂಪಿನದು. ಕೆಲವು ಹಾಸಿಗೂ ಹೊಕ್ಕಿಗೂ ನಡುವಣ ಗಂಟನ್ನು ಬಿಚ್ಚುತ್ತವೆ. ಉಳಿದವು ಹೊಕ್ಕನ್ನೇ ಕತ್ತರಿಸುತ್ತವೆ.

ಈ ಚೀಲ ಹೊರುವ ಒತ್ತಡವನ್ನು ಊಹಿಸಲು ನಮ್ಮ ನಾಡಿನ ಒಂದು ಕಟ್ಟಡವನ್ನು ನೆನೆಯುವುದು ಸಹಾಯಕವಾದೀತು. ಜೋಯಿಡಾ ತಾಲ್ಲೂಕಿನ ಗಣೇಶಗುಡಿಯ ಬಳಿ ಕಾಳೀನದಿಗೆ ಅಡ್ಡಲಾಗಿ ಕಟ್ಟಿರುವ ಸೂಪಾ ಅಣೆಕಟ್ಟಿನ ಎತ್ತರ ೧೦೧ ಮೀಟರು. ಅಷ್ಟು ಎತ್ತರಕ್ಕೆ ನೀರು ನಿಂತರೂ ಅದರ ಬುಡದಲ್ಲಿ ಬೀಳುವ ಒತ್ತಡ ಸಾಮಾನ್ಯ ವಾಯುವಿನ ಒತ್ತಡದ ಸುಮಾರು ೧೦ ಪಟ್ಟನ್ನು ಮೀರದು. ಕುರು, ಕೀವುಗಾಯಗಳಿಗೆ ಕಾರಣವಾಗುವ ಸ್ಟೆಫೈಲೊಕಾಕಸ್ ಆರಿಯಸ್ ಎಂಬ ಜೀವಾಣುವಿನ ಒಳಗಡೆ ಇರುವ ಒತ್ತಡವಾದರೋ ಸುಮಾರು ೨೦ ಪಟ್ಟೆಂದು ವಿದ್ವಾಂಸರು ಗಣಿಸಿದ್ದಾರೆ. ಅದನ್ನು ತಡೆದಿರುವ ಭಿತ್ತಿಯ ದಪ್ಪವೋ, ಒಂದು ಮಿಲಿಮೀಟರನ್ನು ಲಕ್ಷ ಭಾಗ ಮಾಡಿದರೆ ಅದರಲ್ಲಿ ಎರಡು ಮೂರು ಭಾಗ ಮಾತ್ರ.

ಹೋಲಿಕೆ ಇಲ್ಲಿಗೆ ನಿಲ್ಲುವುದಿಲ್ಲ. ಅಣೆಕಟ್ಟನ್ನು ಕಟ್ಟುವಾಗ ನದಿಯನ್ನು ಬೇರೆಡೆಗೆ ತಿರುಗಿಸಿ, ಒಣಗಿದ ಪಾತ್ರದಲ್ಲಿ ಕೆಲಸ ಮಾಡುತ್ತಾರೆ. ಜೀವಾಣುವಿಗೆ ಆ ಸೌಕರ್ಯವಿಲ್ಲ. ಪೂರ್ಣ ಒತ್ತಡ ಬೀಳುತ್ತಿರುವಾಗಲೇ ಅದು ತನ್ನ ಭಿತ್ತಿಯನ್ನು ಹಿಗ್ಗಿಸಬೇಕು. ಒಳ್ಳೆಯ ಆಹಾರವಿದ್ದಾಗ ಈ. ಕೊಲೈ ಜೀವಾಣು ಸುಮಾರು ೨೦ ನಿಮಿಷಗಳಿಗೊಮ್ಮೆ ಇಬ್ಭಾಗವಾಗುತ್ತದೆ. ಅಷ್ಟರೊಳಗೆ ಭಿತ್ತಿಯೂ ಇಮ್ಮಡಿಯಾಗಿರಬೇಕು. ಹೊಸ ಎಳೆಯನ್ನು ನಡುವೆ ಸೇರಿಸಬೇಕಾದರೆ ಹಳೆಯ ಹೆಣಿಗೆಯನ್ನು ಅಲ್ಲಲ್ಲಿ ಬಿಡಿಸಲೇಬೇಕು. ಒಂದೊಂದು ತಲೆಮಾರಿನಲ್ಲಿಯೂ ಈ ಜೀವಾಣು ತನ್ನ ಹಳೆಯ ಭಿತ್ತಿಯ ಅರ್ಧಕ್ಕೆ ಸಮೀಪವಾದಷ್ಟು ಭಾಗವನ್ನು ಬಿಚ್ಚಿ ಮತ್ತೆ ಬಳಸಿಕೊಳ್ಳುತ್ತದೆ. ಆದುದರಿಂದ ಕತ್ತರಿಸುವುದು ಕಟ್ಟುವುದಕ್ಕೆ ವಿರೋಧಿಯಲ್ಲ. ಅದು ಕಟ್ಟುವಿಕೆಯ ಒಂದು ಹೆಜ್ಜೆ. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ರೂಢಿಯ ಚರಿತ್ರೆಯ ಕಡೆಗೆ ತಿರುಗೋಣ.

೨

ರೂಢಿಯ ಕಥನ ಸರ್ವವಿದಿತವಾದುದು. ೧೯೨೧ರ ಕೊನೆಯಲ್ಲಿ ಲಂಡನ್ನಿನ ಅಲೆಗ್ಸಾಂಡರ್ ಫ್ಲೆಮಿಂಗರಿಗೆ ನೆಗಡಿಯಾಗಿತ್ತು. ಅವರ ಮೂಗಿನ ಸಿಂಬಳದ ಬಳಿ ಜೀವಾಣುಗಳು ಕರಗಿದವು. ೧೯೨೨ರಲ್ಲಿ ಅವರು ಲೈಸೊಸೈಮನ್ನು ಲೋಕಕ್ಕೆ ತಿಳಿಸಿದರು. ಆದರೆ ಅದು ಕೊಲ್ಲುವುದು ಬಹುಮಟ್ಟಿಗೆ ನಿರುಪದ್ರವಿಗಳಾದ ಜೀವಾಣುಗಳನ್ನು, ಆದಕಾರಣ ಮದ್ದಾಗಲಿಲ್ಲ. ೧೯೨೮ರಲ್ಲಿ ಪೆನಿಸಿಲಿನ್ ದೊರೆಯಿತು. ಮೊದಲನೆಯದು ಸೋತ ಕಡೆ ಎರಡನೆಯದು ಗೆದ್ದಿತು. ಈ ಕಥನದಲ್ಲಿ ಲೈಸೊಸೈಮ್ ಒಂದು ಮೊಂಡುಗತ್ತಿ, ಪೆನಿಸಿಲಿನ್ ಹರಿತವಾದ ಕತ್ತಿ. ಎರಡೂ ಒಬ್ಬನೇ ವೀರನ ಕೈಯಲ್ಲಿದ್ದುವು.

ಆಧಾರಗಳನ್ನು ತೂಗಿ ನೋಡಿದರೆ ಈ ಚಿತ್ರ ಅಷ್ಟು ಸರಳವಾಗಿ ಉಳಿಯುವುದಿಲ್ಲ. ೧೯೨೨ರ ಮೂಲಲೇಖನದಲ್ಲಿ ಫ್ಲೆಮಿಂಗರು ಹೇಳಿರುವುದು ನೆಗಡಿಯಿಂದ ನರಳುತ್ತಿದ್ದ ಒಬ್ಬ ರೋಗಿಯ ವಿಷಯ. ಆ ರೋಗಿ ಅವರೇ ಎಂಬುದು ಲೇಖನದ ಹೊರಗಿನ ಆಧಾರಗಳಿಂದ ತಿಳಿದುಬರತಕ್ಕ ಸಂಗತಿ. ಮೊಟ್ಟೆಯ ಬಿಳಿಗೆ ಜೀವಾಣುಗಳನ್ನು ಹಾಳುಮಾಡುವ ಗುಣವುಂಟೆಂಬುದನ್ನು ಲಾಷ್ಚೆಂಕೊ ಎಂಬವರು ೧೯೦೯ರಷ್ಟು ಹಿಂದೆಯೇ ಪ್ರಕಟಿಸಿದ್ದರು. ಆ ಕಿಣ್ವ ಭಿತ್ತಿಯ ಸಕ್ಕರೆಯನ್ನು ಬಿಡಿಸುತ್ತದೆಂಬುದು ೧೯೪೦ರ ಸುಮಾರಿಗೆ ಆಕ್ಸ್‌ಫರ್ಡಿನಲ್ಲಿ ಎಪ್ಸ್ಟೈನ್ ಮತ್ತು ಚೈನ್ ಇವರ ಕೆಲಸದಿಂದ ಸ್ಪಷ್ಟವಾಗತೊಡಗಿತು. ಇದೇ ಚೈನರು ಪೆನಿಸಿಲಿನ್ನಿನ ಕಡೆಗೆ ಬಂದುದು ಲೈಸೊಸೈಮಿನ ಅಭ್ಯಾಸದ ಹಾದಿಯಿಂದಲೇ. ೧೯೬೫ರಲ್ಲಿ ಲೈಸೊಸೈಮಿನ ಪರಮಾಣು ರಚನೆ ತಿಳಿದುಬಂದಿತು; ಹಾಗೆ ರಚನೆ ತಿಳಿದುಬಂದ ಕಿಣ್ವಗಳಲ್ಲಿ ಅದೇ ಮೊದಲನೆಯದು. ಈ ಸಾಧನೆಗೆ ಡೇವಿಡ್ ಫಿಲಿಪ್ಸರ ಹೆಸರೊಂದೇ ಸಾಮಾನ್ಯವಾಗಿ ಕೇಳಿಬರುತ್ತದೆ. ಆ ವರ್ಷದ ಲೇಖನಕ್ಕೆ ಸಹಿಮಾಡಿದವರು ಆರು ಮಂದಿ; ಅವರಲ್ಲಿ ಕೊನೆಯವರು ಭಾರತೀಯರಾದ ವಿ. ಆರ್. ಶರ್ಮರು. ನಮ್ಮ ಪಠ್ಯಪುಸ್ತಕಗಳು ಅವರನ್ನು ಹೆಸರಿಸುವುದು ವಿರಳ.

ವ್ಯಕ್ತಿಪೂಜೆಯನ್ನು ಸರಿಪಡಿಸುವ ಪ್ರಯತ್ನ ನಡೆದಿಲ್ಲವೆಂದಲ್ಲ. ಆಂದ್ರೆ ಮೊರ್ವಾ ೧೯೫೯ರಲ್ಲಿ ಪ್ರಕಟಿಸಿದ ಫ್ಲೆಮಿಂಗರ ಜೀವನಚರಿತ್ರೆ ಅಭಿಮಾನದಿಂದ ಬರೆದುದು. ೧೯೮೪ರಲ್ಲಿ ಗ್ವಿನ್ ಮ್ಯಾಕ್‌ಫರ್ಲೇನರು ವ್ಯಕ್ತಿಯನ್ನೂ ಅವನ ಸುತ್ತ ಬೆಳೆದ ಕಟ್ಟುಕಥೆಯನ್ನೂ ಬೇರ್ಪಡಿಸಿ ನೋಡಿದರು. ಈ ಎರಡನೆಯ ಗ್ರಂಥದ ಬೆಲೆ ದೊಡ್ಡದು. ಆದರೂ ಅದು ತಿದ್ದಿದ್ದು ವೀರನ ಅಳತೆಯನ್ನು. ವೀರಗಾಥೆಯ ಚೌಕಟ್ಟು ಹಾಗೆಯೇ ನಿಂತಿತು. ಕೀರ್ತಿಯನ್ನು ಫ್ಲೆಮಿಂಗರಿಂದ ಫ್ಲೋರಿ, ಚೈನರಿಗೆ ಹಂಚಿದಮಾತ್ರಕ್ಕೆ ಕಿಣ್ವದ ಚರಿತ್ರೆ ಆಯುಧದ ಚರಿತ್ರೆಯಾಗಿರುವುದು ತಪ್ಪುವುದಿಲ್ಲ.

ಇದೇ ದೋಷದ ಇನ್ನೊಂದು ರೂಪ ನಮ್ಮ ದೇಶಕ್ಕೇ ಸಂಬಂಧಿಸಿದುದು. ಜೀವಾಣುಗಳನ್ನು ಭಕ್ಷಿಸುವ ವೈರಸ್ಸುಗಳಿಗೆ ಬ್ಯಾಕ್ಟೀರಿಯೋಫೇಜ್, ಸಂಕ್ಷೇಪವಾಗಿ ಫೇಜ್, ಎಂದು ಹೆಸರು. ಭಿತ್ತಿಯನ್ನು ಕತ್ತರಿಸುವ ಅನೇಕ ಕಿಣ್ವಗಳು ಇವುಗಳಲ್ಲಿಯೇ ದೊರೆಯುತ್ತವೆ. ಇವನ್ನು ೧೯೧೫ರಲ್ಲಿ ಟ್ವಾರ್ಟರೂ ೧೯೧೭ರಲ್ಲಿ ಡಿ'ಹೆರೆಲರೂ ಗುರುತಿಸಿದರು. ಆದರೆ ೧೮೯೬ರಲ್ಲಿಯೇ ಹ್ಯಾಂಕಿನ್ನರು ಗಂಗಾ ಯಮುನೆಗಳ ನೀರಿನಲ್ಲಿ ಕಾಲರಾ ಜೀವಾಣುಗಳು ಸಾಯುವುದನ್ನು ಕಂಡಿದ್ದರಿಂದ, ಫೇಜಿನ ಮೊದಲ ಸಾಕ್ಷಿ ನಮ್ಮ ಪುಣ್ಯನದಿಗಳೇ ಎಂದು ಹೆಮ್ಮೆಯಿಂದ ಬರೆಯುವ ವಾಡಿಕೆಯುಂಟು. ಹ್ಯಾಂಕಿನ್ನರು ತಾವೇ ಇದಕ್ಕೆ ಆವಿಯಾಗಿ ಹೋಗುವ ಯಾವುದೋ ರಾಸಾಯನಿಕ ವಸ್ತು ಕಾರಣವೆಂದು ಭಾವಿಸಿದ್ದರು. ನೀರನ್ನು ತೆರೆದ ಪಾತ್ರೆಯಲ್ಲಿ ಕುದಿಸಿದರೆ ಆ ಗುಣ ಹೋಗುತ್ತಿತ್ತು. ಬಾಯಿ ಬೆಸೆದ ಕೊಳವೆಯಲ್ಲಿ ಕಾಯಿಸಿದರೆ ಉಳಿಯುತ್ತಿತ್ತು. ಫೇಜುಗಳಾದರೆ ಆ ಶಾಖವನ್ನು ತಾಳಿ ಉಳಿಯಲಾರವು. ಈ ಅಂಶವನ್ನು ಏಬಡನ್ ಮತ್ತು ಅವರ ಸಹೋದ್ಯೋಗಿಗಳು ೨೦೧೧ರಲ್ಲಿ ವಿಶದವಾಗಿ ಚರ್ಚಿಸಿ, ಹ್ಯಾಂಕಿನ್ನರನ್ನು ಫೇಜಿನ ಪೂರ್ವಸೂರಿಯೆಂದು ಕರೆಯುವುದು ಸಾಧುವೇ ಎಂದು ಪ್ರಶ್ನಿಸಿದ್ದಾರೆ. ಮುಂದಿನ ಕಾಲದ ಜ್ಞಾನವನ್ನು ಹಿಂದಿನವರ ಬಾಯಲ್ಲಿ ತುಂಬುವುದು ಚರಿತ್ರಕಾರನಿಗೆ ತಕ್ಕುದಲ್ಲ; ಅದು ದೇಶಾಭಿಮಾನದ ಹೆಸರಿನಲ್ಲಿ ನಡೆದರೂ ಅಷ್ಟೆ.

೩

ಇನ್ನು ಕಥನದಲ್ಲಿ ಬಿಟ್ಟುಹೋದುದನ್ನು ನೋಡೋಣ. ೧೯೬೪ನೆಯ ವರ್ಷ ಈ ದೃಷ್ಟಿಯಿಂದ ಗಮನಾರ್ಹವಾಗಿದೆ. ಆ ವರ್ಷ ಷಿಂಡ್ಲರ್ ಮತ್ತು ಷುಹಾರ್ಟ್ ಇವರು ಲೈಸೊಸ್ಟೆಫಿನ್ ಎಂಬ ಕಿಣ್ವವನ್ನು ಪ್ರಕಟಿಸಿದರು. ಒಂದು ಜಾತಿಯ ಸ್ಟೆಫೈಲೊಕಾಕಸ್ ತನ್ನ ದಾಯಾದಿಯಾದ ಸ್ಟೆ. ಆರಿಯಸ್ಸಿನ ಹೊಕ್ಕನ್ನು, ಐದು ಗ್ಲೈಸೀನುಗಳ ಸೇತುವೆಯನ್ನು, ಈ ಕಿಣ್ವದಿಂದ ಕತ್ತರಿಸುತ್ತದೆ. ಅದೇ ವರ್ಷ ಜರ್ಮನಿಯ ವೈಡೆಲ್ ಮತ್ತು ಪೆಲ್ಟ್ಸರ್ ಇವರು ಜೀವಾಣುಭಿತ್ತಿಯನ್ನು ಚೀಲದಂಥ ಒಂದೇ ಮಹಾಣುವೆಂದು ವರ್ಣಿಸಿ, ಅದು ಬೆಳೆಯಬೇಕಾದರೆ ಅದನ್ನು ಕತ್ತರಿಸುವ ಕಿಣ್ವಗಳು ಜೀವಾಣುವಿನಲ್ಲಿಯೇ ಇರಬೇಕೆಂದು ತರ್ಕಿಸಿದರು. ಮೊದಲನೆಯ ಶೋಧನೆ ಆಯುಧದ ಕಥನಕ್ಕೆ ಸುಲಭವಾಗಿ ಒಗ್ಗಿತು. ಎರಡನೆಯದು ತಜ್ಞರ ವಲಯದಲ್ಲಿ ಮಾತ್ರ ಉಳಿಯಿತು. ವಿಜ್ಞಾನಿಗಳು ಈ ಮಾತನ್ನು ಮರೆತರೆಂದು ನಾವು ಹೇಳುತ್ತಿಲ್ಲ. ಮರೆತವರು ಅವರ ಚರಿತ್ರೆಯನ್ನು ಬರೆದವರು.

ಮರೆವಿನ ನಷ್ಟ ಎಷ್ಟೆಂಬುದು ಪೆನಿಸಿಲಿನ್ನಿನ ವಿಷಯದಲ್ಲಿ ವ್ಯಕ್ತವಾಗುತ್ತದೆ. ಪೆನಿಸಿಲಿನ್ ಭಿತ್ತಿಯನ್ನು ಒಡೆಯುತ್ತದೆಂದು ಅನೇಕ ವಿದ್ಯಾರ್ಥಿಗಳು ಬರೆಯುತ್ತಾರೆ. ಪೆನಿಸಿಲಿನ್ ಯಾವುದನ್ನೂ ಕತ್ತರಿಸುವುದಿಲ್ಲ. ಹೊಸ ಹೊಕ್ಕನ್ನು ಹೆಣೆಯುವ ಕಿಣ್ವಕ್ಕೆ ಅದು ತಡೆಯೊಡ್ಡುತ್ತದೆ, ಅಷ್ಟೆ. ಹೆಣೆಯುವುದು ನಿಂತು, ಜೀವಾಣುವಿನ ಸ್ವಂತ ಕತ್ತರಿಗಳು ನಡೆಯುತ್ತಲೇ ಇದ್ದರೆ ಭಿತ್ತಿ ತಾನಾಗಿ ಬಿರಿಯುತ್ತದೆ. ೧೯೭೦ರಲ್ಲಿ ಟೊಮಾಷ್ ಮತ್ತು ಸಹೋದ್ಯೋಗಿಗಳು ಸ್ವಂತ ಕತ್ತರಿ ಅಡಗಿಹೋಗಿದ್ದ ನ್ಯೂಮೊಕಾಕಸ್ ಜೀವಾಣುಗಳ ಮೇಲೆ ಇಂಥ ಮದ್ದುಗಳನ್ನು ಪ್ರಯೋಗಿಸಿದಾಗ, ಅವುಗಳ ಬೆಳವಣಿಗೆ ನಿಂತಿತು, ಆದರೆ ಅವು ಒಡೆಯಲಿಲ್ಲ. ೨೦೧೪ರಲ್ಲಿ ಬರ್ನ್‌ಹಾರ್ಟ್ ಮತ್ತು ಸಂಗಡಿಗರು ಈ ಚಿತ್ರಕ್ಕೆ ಇನ್ನೊಂದು ಅಂಶವನ್ನು ಸೇರಿಸಿದರು: ಪೆನಿಸಿಲಿನ್ ವರ್ಗದ ಮದ್ದುಗಳ ಪ್ರಭಾವದಲ್ಲಿ ಜೀವಾಣು ಹೊಸ ಎಳೆಯನ್ನು ನೂಲುತ್ತ, ನೂತದ್ದನ್ನು ಕೂಡಲೆ ಕತ್ತರಿಸುತ್ತ, ವ್ಯರ್ಥ ಚಕ್ರದಲ್ಲಿ ಸಿಕ್ಕಿ ಸೊರಗುತ್ತದೆ. ಹೀಗಿರುವಾಗ ೧೯೨೨ರ ಮತ್ತು ೧೯೨೮ರ ಶೋಧನೆಗಳ ಸಂಬಂಧ ಮೊಂಡುಗತ್ತಿಗೂ ಹರಿತವಾದ ಕತ್ತಿಗೂ ಇರುವ ಸಂಬಂಧವೆಂದು ಹೇಳುವುದು ಹೇಗೆ? ಒಂದು ಹೊರಗಿನಿಂದ ಬಂದ ಕತ್ತರಿ. ಇನ್ನೊಂದು ಒಳಗಿನ ಕತ್ತರಿಯನ್ನು ಒಡೆಯನ ಮೇಲೆಯೇ ತಿರುಗಿಸುವ ಉಪಾಯ.

ವೈಡೆಲ್, ಪೆಲ್ಟ್ಸರರ ತರ್ಕಕ್ಕೆ ಹೊಕ್ಕಿನ ವಿಷಯದಲ್ಲಿ ಪ್ರಯೋಗದ ದೃಢವಾದ ಸಮರ್ಥನೆ ದೊರೆತುದು ಸುಮಾರು ಅರ್ಧ ಶತಮಾನದ ಮೇಲೆ, ನಮ್ಮ ನೆರೆಯ ಹೈದರಾಬಾದಿನಲ್ಲಿ. ಅಲ್ಲಿನ ಕೋಶ ಮತ್ತು ಅಣು ಜೀವವಿಜ್ಞಾನ ಕೇಂದ್ರದಲ್ಲಿ ಮಂಜುಳಾ ರೆಡ್ಡಿಯವರೂ ಅವರ ಸಂಗಡಿಗರೂ ೨೦೧೨ರಲ್ಲಿ ಪ್ರಕಟಿಸಿದ ಲೇಖನದ ಸಾರಾಂಶ ಇದು: ಈ. ಕೊಲೈ ಜೀವಾಣುವಿನಲ್ಲಿ ಹೊಕ್ಕನ್ನು ಕತ್ತರಿಸುವ ಮೆಪ್-ಎಸ್, ಮೆಪ್-ಎಂ, ಮೆಪ್-ಎಚ್ ಎಂಬ ಮೂರು ಕಿಣ್ವಗಳುಂಟು. ಇವುಗಳಲ್ಲಿ ಒಂದನ್ನು ತೆಗೆದರೆ ಉಳಿದವು ಅದರ ಕೆಲಸವನ್ನು ನಿರ್ವಹಿಸುತ್ತವೆ. ಮೂರನ್ನೂ ತೆಗೆದರೆ ಹೊಸ ಎಳೆ ಸೇರಲು ಎಡೆ ದೊರೆಯದೆ ಜೀವಾಣು ಉಳಿಯುವುದಿಲ್ಲ. ಎಂದರೆ, ಕತ್ತರಿಯಿಲ್ಲದೆ ಜೀವಾಣುವಿಗೆ ಬಾಳಿಲ್ಲ. ೨೦೧೫ರಲ್ಲಿ ಇದೇ ತಂಡ ಇನ್ನೊಂದು ವಿಷಯವನ್ನು ತೋರಿಸಿತು: ಮೆಪ್-ಎಸ್ ಕಿಣ್ವವನ್ನು ಜೀವಾಣು ಬೇಕೆಂದಾಗ ಇರಿಸಿಕೊಂಡು ಬೇಡವಾದಾಗ ಬೇಗನೆ ಚೂರುಮಾಡುತ್ತದೆ, ಈ ಹತೋಟಿಗೆ ಎನ್‌ಎಲ್‌ಪಿ-ಐ ಮತ್ತು ಪಿಆರ್‌ಸಿ ಎಂಬ ಎರಡು ಪ್ರೋಟೀನುಗಳು ನೇಮಕವಾಗಿವೆ. ಈ ಕೆಲಸಕ್ಕಾಗಿ ಮಂಜುಳಾ ರೆಡ್ಡಿಯವರಿಗೆ ೨೦೧೯ರಲ್ಲಿ ಜೀವವಿಜ್ಞಾನದ ಇನ್ಫೋಸಿಸ್ ಪ್ರಶಸ್ತಿ ಸಂದಿತು.

ಚರಿತ್ರಕಾರರು ಇಲ್ಲಿ ಕಲಿಯಬೇಕಾದ ಪಾಠವೊಂದಿದೆ. ಒಂದನ್ನು ತೆಗೆದಾಗ ಏನೂ ಆಗದಿದ್ದುದರಿಂದ ಅದು ಅನಗತ್ಯವೆಂದು ತೀರ್ಮಾನಿಸುವುದು ತಪ್ಪು. ಅದರ ಜೊತೆಗಾರರು ಹೊರೆಯನ್ನು ಹೊತ್ತಿರಬಹುದು. ದಾಖಲೆಗಳಲ್ಲಿ ಕಾಣದ ಜನರ ವಿಷಯದಲ್ಲಿಯೂ ನಾವು ಎಷ್ಟೋ ಸಲ ಇದೇ ತಪ್ಪು ತೀರ್ಮಾನಕ್ಕೆ ಬಂದಿರುತ್ತೇವೆ.

೪

ಈಗ ಕರ್ಣಾಟಕದ ನಿದರ್ಶನಕ್ಕೆ ಬರೋಣ. ಇದನ್ನು ತಿಳಿಯಲು ಡೊಮೇನ್ ಎಂಬ ಪರಿಭಾಷೆಯನ್ನು ಅರಿತಿರಬೇಕು. ಅನೇಕ ಕಿಣ್ವಗಳು ಒಂದೇ ಇಡಿಯಾದ ಮುದ್ದೆಗಳಲ್ಲ. ತಮ್ಮಷ್ಟಕ್ಕೆ ಮಡಿಸಿಕೊಂಡು ನಿಲ್ಲಬಲ್ಲ ಅಂಗಗಳು ಒಂದಕ್ಕೊಂದು ಜೋಡಿಸಿಕೊಂಡು ಆದವು. ಆ ಒಂದೊಂದು ಅಂಗವೂ ಒಂದು ಡೊಮೇನ್. ಭಿತ್ತಿಯನ್ನು ಕತ್ತರಿಸುವ ಕಿಣ್ವಗಳಲ್ಲಿ ಒಂದು ಡೊಮೇನ್ ಅಲಗಾದರೆ ಇನ್ನೊಂದು ಹಿಡಿತ. ಭಿತ್ತಿಯನ್ನು ಗುರುತಿಸಿ ಅಂಟಿಕೊಳ್ಳುವುದು ಎರಡನೆಯದರ ಕೆಲಸ. ೨೦೦೩ರಲ್ಲಿ ಅಲಗಿನ ಡೊಮೇನುಗಳ ಎರಡು ದೊಡ್ಡ ವಂಶಗಳನ್ನು ವಿದ್ವಾಂಸರು ವಿಂಗಡಿಸಿದರು. ಒಂದು ಚಾಪ್ ವಂಶ. ಎರಡು ತಂಡಗಳು ಬೇರೆಬೇರೆಯಾಗಿ ಇದನ್ನು ವರ್ಣಿಸಿದುವು. ಇನ್ನೊಂದು ಎನ್‌ಎಲ್‌ಪಿ-ಸಿ/ಪಿ-೬೦ ವಂಶ. ಇದನ್ನು ವರ್ಣಿಸಿದವರು ಅನಂತರಾಮನ್ ಮತ್ತು ಅರವಿಂದ್. ಮೇಲೆ ಹೇಳಿದ ಮೆಪ್-ಎಸ್ ಈ ಎರಡನೆಯ ವಂಶಕ್ಕೆ ಸೇರಿದುದು.

ಬೆಂಗಳೂರಿನಲ್ಲಿ ಜೆ. ರಾಮಚಂದ್ರನ್ ಅವರು ೨೦೦೦ದಲ್ಲಿ ಸ್ಥಾಪಿಸಿದ ಗಂಗಾಜೆನ್ ಸಂಸ್ಥೆ ಪಿ-೧೨೮ ಎಂಬ ಪ್ರೋಟೀನನ್ನು ರೂಪಿಸಿತು. ಅದರ ವಿವರ ೨೦೧೧ರಲ್ಲಿ ಪ್ರಕಟವಾಯಿತು. ಫೇಜ್-ಕೆ ಎಂಬ ವೈರಸ್ಸಿನ ಬಾಲದಲ್ಲಿ ಭಿತ್ತಿಯನ್ನು ಕತ್ತರಿಸುವ ಒಂದು ಪ್ರೋಟೀನಿದೆ. ಅದರ ಚಾಪ್ ಡೊಮೇನನ್ನು ಅಲಗಾಗಿಯೂ, ೧೯೬೪ರ ಲೈಸೊಸ್ಟೆಫಿನ್ನಿನ ಎಸ್‌ಎಚ್-೩ಬಿ ಡೊಮೇನನ್ನು ಹಿಡಿತವಾಗಿಯೂ ಕೂಡಿಸಿ ಈ ಹೊಸ ಪ್ರೋಟೀನನ್ನು ಮಾಡಿದರು. ಮದ್ದುಗಳಿಗೆ ಬಗ್ಗದ ಸ್ಟೆ. ಆರಿಯಸ್ಸನ್ನು ಇದು ಕೊಲ್ಲುವುದು ಪ್ರಯೋಗಶಾಲೆಯಲ್ಲಿಯೂ ಇಲಿಗಳ ಮೂಗಿನಲ್ಲಿಯೂ ಸಿದ್ಧವಾಯಿತು. ಮನುಷ್ಯರಲ್ಲಿ ಪ್ರಾಥಮಿಕ ಪರೀಕ್ಷೆಗೂ ಇದು ಹೋಯಿತು.

ಇದನ್ನು ಆಯುಧದ ಕಥನದಲ್ಲಿ ಸೇರಿಸುವುದು ಸುಲಭ: ಬೆಂಗಳೂರಿನಲ್ಲಿ ಹೊಸ ಕತ್ತಿಯೊಂದನ್ನು ಮಸೆದರು ಎನ್ನಬಹುದು. ಆದರೆ ಅಲಗು ಎಲ್ಲಿಂದ ಬಂದಿತೆಂಬುದನ್ನು ವಿಚಾರಿಸಬೇಕು. ಫೇಜಿನ ಬಾಲದಲ್ಲಿದ್ದಾಗ ಅದರ ಕೆಲಸ ಭಿತ್ತಿಯಲ್ಲಿ ಒಂದು ಕಿಂಡಿಯನ್ನು ಮಾಡಿ ವೈರಸ್ಸಿನ ಡಿಎನ್‌ಎಯನ್ನು ಒಳಗೆ ಬಿಡುವುದು. ಆ ಗಳಿಗೆಯಲ್ಲಿ ಜೀವಾಣು ಒಡೆದುಹೋದರೆ ವೈರಸ್ಸಿಗೇ ನಷ್ಟ. ತಾನು ಹೊಕ್ಕು ಬೆಳೆಯಬೇಕಾದ ಮನೆಯೇ ಬಿದ್ದಂತೆ. ಆದುದರಿಂದ ಅದು ಮಿತವಾಗಿ, ಒಂದೇ ಎಡೆಯಲ್ಲಿ ಕತ್ತರಿಸುವ ಉಪಕರಣ. ಹಿಡಿತದ ಕಥೆಯೂ ಹೀಗೆಯೇ ಬೋಧಪ್ರದವಾದುದು. ಲೈಸೊಸ್ಟೆಫಿನ್ನನ್ನು ಮಾಡುವ ಜೀವಾಣು ತನ್ನ ಕತ್ತರಿಗೆ ತಾನೇ ಬಲಿಯಾಗದಂತೆ, ತನ್ನ ಹೊಕ್ಕಿನಲ್ಲಿ ಕೆಲವು ಗ್ಲೈಸೀನುಗಳ ಸ್ಥಾನದಲ್ಲಿ ಸೆರೀನನ್ನು ಇಟ್ಟುಕೊಂಡಿದೆ. ಕಿಂಡಿ ಮಾಡುವವನ ಅಲಗು, ತನ್ನ ಗೋಡೆಯ ಇಟ್ಟಿಗೆಯನ್ನೇ ಬದಲಿಸಿಕೊಂಡವನ ಹಿಡಿತ, ಇವೆರಡನ್ನೂ ಬೆಂಗಳೂರಿನವರು ಕೂಡಿಸಿದರು. ಅವರ ಕೌಶಲ ಈ ಕೂಡಿಕೆಯಲ್ಲಿದೆ. ಪ್ರಕೃತಿಯಲ್ಲಿಯೂ ಫೇಜುಗಳೂ ಜೀವಾಣುಗಳೂ ಇಂಥ ಅಂಗಗಳನ್ನು ಕೊಟ್ಟು ಕೊಂಡು ಹೊಸ ಹೊಸ ಕಿಣ್ವಗಳನ್ನು ಪಡೆದಿವೆ. ಆ ಹಳೆಯ ರೀತಿಯನ್ನು ಅರಿತು ಅನುಸರಿಸಿದರೆಂದು ಹೇಳುವುದು ಅವರಿಗೆ ಸಲ್ಲುವ ನಿಜವಾದ ಪ್ರಶಂಸೆ.

೫

ನಮ್ಮ ವಾದಕ್ಕೆ ಎರಡು ಆಕ್ಷೇಪಗಳು ಬರಬಹುದು. ಆಸ್ಪತ್ರೆಯಲ್ಲಿ ಮದ್ದಿಗೆ ಬಗ್ಗದ ಸೋಂಕಿನಿಂದ ನರಳುವವರಿಗೆ ಬೇಕಾದುದು ಜೀವಾಣು ಸಾಯುವುದು. ಅದನ್ನು ಆಯುಧವೆಂದು ಕರೆದರೇನು, ಉಪಕರಣವೆಂದು ಕರೆದರೇನು ಎಂಬುದು ಮೊದಲನೆಯದು. ಈ ಆಕ್ಷೇಪದಲ್ಲಿ ನ್ಯಾಯವಿದೆ. ಪಿ-೧೨೮ ಕೊಲ್ಲುತ್ತದೆ, ಕೊಲ್ಲುವುದಕ್ಕಾಗಿಯೇ ಅದನ್ನು ಮಾಡಿದರು. ಆದರೆ ಕೊಲ್ಲುವ ಕಡೆಯಿಂದ ಮಾತ್ರ ನೋಡಿದವನಿಗೆ ಒಂದು ಮಾರ್ಗ ಕಾಣುತ್ತದೆ, ಹೊರಗಿನಿಂದ ಕತ್ತರಿ ತರುವುದು. ಕಟ್ಟುವ ಕಡೆಯಿಂದಲೂ ನೋಡಿದವನಿಗೆ ಇನ್ನೂ ಎರಡು ಕಾಣುತ್ತವೆ: ಒಳಗಿನ ಕತ್ತರಿಗಳನ್ನೆಲ್ಲ ತಡೆದು ಬೆಳವಣಿಗೆಯನ್ನು ನಿಲ್ಲಿಸುವುದು, ಇಲ್ಲವೆ ಅವುಗಳ ಹತೋಟಿಯನ್ನು ಕೆಡಿಸುವುದು. ಹಳೆಯ ಮದ್ದುಗಳು ಒಂದೊಂದಾಗಿ ಬಲಗುಂದುತ್ತಿರುವ ಈ ಕಾಲದಲ್ಲಿ, ಯಾವ ಪ್ರಶ್ನೆ ಕೇಳಲು ವಿದ್ಯಾರ್ಥಿಗೆ ತೋಚುತ್ತದೆ ಎಂಬುದು ಸಣ್ಣ ವಿಷಯವಲ್ಲ. ಅವನಿಗೆ ಹೇಳಿದ ಚರಿತ್ರೆಯೇ ಆ ಪ್ರಶ್ನೆಯನ್ನು ಎಷ್ಟೋ ಮಟ್ಟಿಗೆ ನಿರ್ಣಯಿಸುತ್ತದೆ.

ಎರಡನೆಯ ಆಕ್ಷೇಪ, ಉಪಕರಣವೆಂಬುದೂ ಒಂದು ರೂಪಕವಲ್ಲವೆ ಎಂಬುದು. ಅಹುದು, ಜೀವಾಣುವಿಗೆ ಕಮ್ಮಾರನೂ ಇಲ್ಲ, ಶಿಲ್ಪಿಯೂ ಇಲ್ಲ. ರೂಪಕವಿಲ್ಲದೆ ಚರಿತ್ರೆ ಬರೆಯಲು ನಮ್ಮಿಂದಾಗದು. ಆದರೆ ರೂಪಕಗಳಲ್ಲಿ ತಾರತಮ್ಯವುಂಟು. ಹೆಚ್ಚು ಸಂಗತಿಗಳಿಗೆ ಎಡೆಗೊಡುವ ರೂಪಕ ಕಡಮೆಯದಕ್ಕಿಂತ ಮೇಲು. ಆಯುಧದ ರೂಪಕದಲ್ಲಿ ಮಂಜುಳಾ ರೆಡ್ಡಿಯವರ ಮೂರು ಕಿಣ್ವಗಳಿಗೆ ಸ್ಥಾನವಿಲ್ಲ. ಉಪಕರಣದ ರೂಪಕದಲ್ಲಿ ಲೈಸೊಸೈಮಿಗೂ ಪಿ-೧೨೮ಕ್ಕೂ ಸ್ಥಾನವಿದೆ, ಏಕೆಂದರೆ ಉಪಕರಣವನ್ನು ಆಯುಧವಾಗಿ ಬಳಸುವುದು ಎಲ್ಲ ಕಾಲದಲ್ಲಿಯೂ ನಡೆದಿದೆ. ಸೂಪಾ ಅಣೆಕಟ್ಟಿನ ಚರಿತ್ರೆಯನ್ನು ಮೀಟರು ಮೆಗಾವಾಟುಗಳಲ್ಲಿ ಮಾತ್ರ ಬರೆದರೆ, ನೀರಿನಡಿಯಲ್ಲಿ ಮುಳುಗಿದ ಸೂಪಾ ಊರಿಗೆ ಅದರಲ್ಲಿ ಎಡೆಯಿರುವುದಿಲ್ಲ. ಆ ಅಂಕಿಗಳು ಸುಳ್ಳಲ್ಲ. ಅವುಗಳ ಚೌಕಟ್ಟು ಕಿರಿದು. ಕಿಣ್ವಗಳ ಚರಿತ್ರೆಯ ವಿಷಯದಲ್ಲಿಯೂ ನಮ್ಮ ದೂರು ಇಷ್ಟೇ.

ಕಡೆಯದಾಗಿ ಅಧ್ಯಾಪಕರ ಗಮನಕ್ಕೆ ಎರಡು ಸೂಚನೆಗಳನ್ನು ತರುತ್ತೇವೆ. ವಿಜ್ಞಾನದ ಇತಿಹಾಸವನ್ನು ಬೋಧಿಸುವಾಗ ಈ ಪ್ರಕರಣವನ್ನು ವ್ಯಕ್ತಿಯಿಂದ ವ್ಯಕ್ತಿಗೆ ಹೋಗುವ ಬದಲು ಒಂದು ಡೊಮೇನಿನ ಬೆನ್ನು ಹಿಡಿದು ಹೇಳಬಹುದು. ಚಾಪ್ ವಂಶವೊಂದೇ ಫೇಜಿನ ಬಾಲದಿಂದ ಬೆಂಗಳೂರಿನ ಪ್ರಯೋಗಶಾಲೆಯವರೆಗೆ ವಿದ್ಯಾರ್ಥಿಯನ್ನು ಕರೆದೊಯ್ಯುತ್ತದೆ. ಎರಡನೆಯದು, ೧೯೨೨ರ ಪಕ್ಕದಲ್ಲಿ ೧೯೬೪, ೧೯೭೦, ೨೦೧೨ ಈ ವರ್ಷಗಳನ್ನೂ ಕರಿಹಲಗೆಯ ಮೇಲೆ ಬರೆಯಬೇಕು. ಒಡೆಯುವವರ ಹೆಸರು ಚರಿತ್ರೆಯಲ್ಲಿ ಬೇಗ ನಿಲ್ಲುತ್ತದೆ. ಬಿಚ್ಚಿ ಮತ್ತೆ ಕಟ್ಟುವವರ ಕೆಲಸ ದಿನಚರಿಯಂತೆ ಕಂಡು ಕಣ್ಣಿಗೆ ಬೀಳುವುದಿಲ್ಲ. ಅದನ್ನು ಕಾಣಿಸುವುದು ಇತಿಹಾಸದ ಅಧ್ಯಾಪಕರ ಹೊಣೆ, ವಿಷಯ ರಾಜ್ಯಗಳದಾಗಲಿ ಜೀವಾಣುಗಳದಾಗಲಿ.